ಮದುವೆಗೆ ಮುಂಚೆ ಕಡ್ಡಾಯ ಪರೀಕ್ಷೆ ಬೇಡ

ಮದುವೆಗೆ ಮುಂಚೆ ಎಚ್‌ಐವಿ ಪರೀಕ್ಷೆ ಕಡ್ಡಾಯವಾಗಬೇಕೆಂಬ ಮಾತು ಮತ್ತೆ ಮತ್ತೆ ತಲೆ ಎತ್ತುತ್ತದೆ. ಹಿಂದೆ ಗೋವಾದಲ್ಲಿ ಎದ್ದಿತ್ತು. 2025ರಲ್ಲಿ ಮೇಘಾಲಯದ ಆರೋಗ್ಯ ಸಚಿವೆ ಅಂಥ ಕಾನೂನಿನ ಪ್ರಸ್ತಾಪ ಮಾಡಿದರು. ಹೆಣ್ಣುಮಕ್ಕಳ ರಕ್ಷಣೆಗೆ ಇದು ಬೇಕು ಎನ್ನುತ್ತಾರೆ. ಹೆಣ್ಣು ಹೆತ್ತವರ ದಿಗಿಲು ಸುಳ್ಳಲ್ಲ. ಆದರೆ ಇಂಥ ಕಾನೂನಿನ ಪೆಟ್ಟು ಮೊದಲು ಬೀಳುವುದು ಆ ಹೆಣ್ಣುಮಕ್ಕಳ ಮೇಲೇ.

ನಮ್ಮಲ್ಲಿ ಸಂಬಂಧ ಕುದುರಿಸುವವರು ಮನೆಮಂದಿ. ವರದಿ ಹುಡುಗಿಯ ಕೈ ಸೇರುವಷ್ಟರಲ್ಲಿ ಅಪ್ಪ, ಸೋದರಮಾವ, ದಲ್ಲಾಳಿ ಎಲ್ಲರೂ ಅದನ್ನು ಓದಿ ಮುಗಿಸಿರುತ್ತಾರೆ. ನಿಶ್ಚಿತಾರ್ಥ ಮುರಿದರೆ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ದುಡ್ಡಿರುವ ಗಂಡು ಬೇರೆ ಊರಿನಿಂದ ಸುಳ್ಳು ಪ್ರಮಾಣಪತ್ರ ತಂದಾನು, ಅವಳು ಎಲ್ಲಿಗೆ ಹೋಗಬೇಕು? ಹುಟ್ಟುವಾಗಲೇ ತಾಯಿಯಿಂದ ಸೋಂಕು ತಗುಲಿ, 2004ರಲ್ಲಿ ಶುರುವಾದ, ವೈರಸ್ ಹತ್ತಿಕ್ಕುವ ಉಚಿತ ಎಆರ್‌ಟಿ ಚಿಕಿತ್ಸೆಯಿಂದ ಬದುಕುಳಿದ ಮಕ್ಕಳು ಈಗ ಮದುವೆಯ ವಯಸ್ಸಿನವರು. ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಪ್ರಮಾಣಪತ್ರದಲ್ಲಿ ಇದಕ್ಕೆ ಜಾಗವೆಲ್ಲಿದೆ?

ಸೋಂಕು ತಗುಲಿದ ಮೊದಲ ಕೆಲವು ವಾರ ಪರೀಕ್ಷೆಗೆ ಅದು ಸಿಗದೇ ಹೋಗಬಹುದು. ಮದುವೆಯಾದ ಮೇಲೆ ಗಂಡನಿಂದ ಬರುವ ಸೋಂಕನ್ನಂತೂ ತಾಳಿ ಕಟ್ಟುವ ಮುಂಚಿನ ಕಾಗದ ತಡೆಯಲಾರದು. ಅಮೆರಿಕದ ಇಲಿನಾಯ್ ರಾಜ್ಯ 1988ರಲ್ಲಿ ಇಂಥ ಕಡ್ಡಾಯ ಪರೀಕ್ಷೆಯನ್ನು ಮಾಡಿ ನೋಡಿತು. ಮೊದಲ ಆರು ತಿಂಗಳಲ್ಲಿ 70,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದಾಗ ಸಿಕ್ಕವರು 8 ಮಂದಿ. ಜೋಡಿಗಳು ಪಕ್ಕದ ರಾಜ್ಯಗಳಿಗೆ ಹೋಗಿ ಮದುವೆಯಾದವು. ಮರುವರ್ಷವೇ ಕಾನೂನು ರದ್ದಾಯಿತು.

ಇತ್ತ ನಮ್ಮಲ್ಲಿ, ಸೋಂಕಿತರ ಮದುವೆಯ ಹಕ್ಕನ್ನು ಅಮಾನತಿನಲ್ಲಿಟ್ಟ 1998ರ ತನ್ನ ಮಾತನ್ನು ಸುಪ್ರೀಂ ಕೋರ್ಟ್ 2002ರಲ್ಲಿ ತಾನೇ ಬದಿಗಿಟ್ಟಿತು. ಒಪ್ಪಿಗೆಯಿಲ್ಲದೆ ಪರೀಕ್ಷೆ ಕೂಡದೆಂದು 2017ರ ಎಚ್‌ಐವಿ ಕಾಯ್ದೆ ಹೇಳುತ್ತದೆ. ಸಂಗಾತಿಗೆ ನಿಜವಾದ ಅಪಾಯವಿದ್ದರೆ, ಆಪ್ತಸಮಾಲೋಚನೆಯ ನಂತರವೂ ಸೋಂಕಿತ ವ್ಯಕ್ತಿ ಹೇಳದಿದ್ದರೆ, ವೈದ್ಯರೇ ತಿಳಿಸಲು ಅದರಲ್ಲಿ ದಾರಿಯಿದೆ. ಹೊಡೆತ ಬೀಳುವ, ಮನೆಯಿಂದ ಹೊರಹಾಕುವ ಭಯವಿರುವ ಹೆಂಗಸಿನ ವಿಷಯದಲ್ಲಿ ಹಾಗೆ ತಿಳಿಸಬಾರದೆಂಬ ಎಚ್ಚರವೂ ಇದೆ. ಇಷ್ಟು ಯೋಚಿಸಿ ಬರೆದ ಕಾಯ್ದೆಯನ್ನು ಪಕ್ಕಕ್ಕೆ ತಳ್ಳುವುದೇಕೆ?

ಮದುವೆಯಾಗುವವರು ತಾವಾಗಿ ಒಟ್ಟಿಗೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಲಿ, ಅದು ಒಳ್ಳೆಯದೇ. ಸರ್ಕಾರದ ಕೆಲಸ ಬೇರೆ. 2022ರಲ್ಲಿ ಎಆರ್‌ಟಿ ಮಾತ್ರೆ ಸಿಗದೆ ಸೋಂಕಿತರು ದೆಹಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯೆದುರು ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂತರು. ಜಿಲ್ಲೆ ಜಿಲ್ಲೆಯಲ್ಲೂ ಮಾತ್ರೆಯ ದಾಸ್ತಾನು ತಪ್ಪದಂತೆ, ಪರೀಕ್ಷಾ ಕೇಂದ್ರದಲ್ಲಿ ಗುಟ್ಟು ಕಾಯುವ ಆಪ್ತಸಮಾಲೋಚಕರು ಇರುವಂತೆ ಮೊದಲು ನೋಡಿಕೊಳ್ಳಲಿ.