ಆಚಾರ ವಿಚಾರ: ಕಾಸೆ ಕಟ್ಟುವುದನ್ನು ಕಲಿಸೋಣ



ಶ್ರಾವಣ ಸಮೀಪಿಸಿದಂತೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಅನೇಕ ಗ್ರಾಮಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಈ ಸಲ ವೀರಭದ್ರಸ್ವಾಮಿಯ ಉತ್ಸವಕ್ಕೆ ವೀರಗಾಸೆಯವರನ್ನು ಎಲ್ಲಿಂದ ಕರೆಸುವುದು? ಊರಿನ ಮಕ್ಕಳೇ ಕುಣಿಯಲಿ ಎಂದು ಹೇಳುವವರು ವಿರಳರು. ಕುಣಿತವನ್ನು ಯಾರಾದರೂ ಕಲಿಸಿಯಾರು, ಆದರೆ ಉಡುಗೆ ತೊಡುಗೆಗೆ ಏನು ಮಾಡುವುದು ಎಂಬಲ್ಲಿಗೆ ಮಾತು ನಿಂತುಹೋಗುತ್ತದೆ. ನಿಜವಾಗಿ ಕಲಿಕೆ ಆರಂಭವಾಗಬೇಕಾದುದೇ ಅಲ್ಲಿಂದ.

ವೀರಗಾಸೆ ಎಂಬ ಪದವನ್ನು ಬಿಡಿಸಿ ನೋಡಿರಿ. ವೀರ ಮತ್ತು ಕಾಸೆ ಎಂಬೆರಡು ಪದಗಳು ಕೂಡಿದಾಗ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ಕಾಸೆ ಎಂದರೆ ಬಿಗಿದು ಕಟ್ಟಿದ ಕಚ್ಚೆ. ಅಂದರೆ ಈ ಕುಣಿತಕ್ಕೆ ಹೆಸರು ಬಂದಿರುವುದು ಹೆಜ್ಜೆಯಿಂದಲ್ಲ, ಉಡುಗೆಯಿಂದ. ಕಾಸೆ ಕಟ್ಟಲು ಬಾರದವನಿಗೆ ಕುಣಿತ ಬಂದಿತೆಂದು ಹೇಳಲಾಗದು.

ವೀರಗಾಸೆಯವರ ಮೈಮೇಲಿರುವುದನ್ನು ಒಂದೊಂದಾಗಿ ಗಮನಿಸೋಣ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ ಮತ್ತು ನಾಗಾಭರಣ, ತಲೆಗೆ ಜಡೆ, ವೀರಭದ್ರನ ಮುಖವುಳ್ಳ ಲೋಹದ ಹಲಗೆ, ಕಾಲಿಗೆ ಗೆಜ್ಜೆ, ಕೈಯಲ್ಲಿ ಖಡ್ಗ. ಇವುಗಳಲ್ಲಿ ವಿಭೂತಿ ರುದ್ರಾಕ್ಷಿಗಳು ಅಷ್ಟಾವರಣಕ್ಕೆ ಸೇರಿದವು. ಹೀಗಿರಲು ಇದನ್ನು ನಾಟಕದ ವೇಷವೆನ್ನುವುದು ಸಲ್ಲದು, ಇದು ಲಾಂಛನ. ವೇಷವನ್ನು ಬಾಡಿಗೆಗೆ ತರಬಹುದು, ಲಾಂಛನವನ್ನು ಧರಿಸುವವನು ಅದಕ್ಕೆ ಅರ್ಹನಾಗಬೇಕು. ಒಳಗೆ ಭಕ್ತಿಯಿಲ್ಲದ ಹೊರವೇಷವನ್ನು ಶರಣರು ಎಷ್ಟು ಕಠೋರವಾಗಿ ಖಂಡಿಸಿದರೆಂಬುದನ್ನು ವಚನಗಳನ್ನು ಓದಿದವರೆಲ್ಲ ಬಲ್ಲರು.

ಈ ವಿವೇಕವು ನಮ್ಮಲ್ಲಿ ಮಾತ್ರ ಇರುವುದಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ ಡಕೋಟಾ ಎಂಬ ಜನರಿದ್ದಾರೆ. ಅಂತಹ ಜನಾಂಗಗಳ ಧಾರ್ಮಿಕ ನೃತ್ಯಗಳನ್ನು ಅಲ್ಲಿನ ಸರ್ಕಾರವು ೧೮೮೩ರಲ್ಲಿ ಅಪರಾಧವೆಂದು ನಿಷೇಧಿಸಿತು. ೧೯೩೪ರಲ್ಲಿ ನಿಷೇಧ ಸಡಿಲವಾಯಿತು. ಅವರ ಧರ್ಮಾಚರಣೆಗೆ ಕಾನೂನಿನ ರಕ್ಷಣೆ ದೊರೆತುದು ೧೯೭೮ರಲ್ಲಿ. ಇಂದು ಅವರು ಮಕ್ಕಳಿಗೆ ಹೆಜ್ಜೆಯೊಂದಿಗೆ ಮಣಿ ಪೋಣಿಸುವುದನ್ನೂ ಉಡುಪು ಹೊಲಿಯುವುದನ್ನೂ ಕಲಿಸುತ್ತಾರೆ. ಆ ಉಡುಪನ್ನು ವೇಷವೆಂದು ಕರೆದರೆ ಅವರು ಒಪ್ಪುವುದಿಲ್ಲ. ಕುಣಿಯುವಾಗ ಹದ್ದಿನ ಗರಿಯೊಂದು ನೆಲಕ್ಕೆ ಬಿದ್ದರೆ ಕುಣಿತವನ್ನೇ ನಿಲ್ಲಿಸಿ, ಗೌರವದಿಂದ ಅದನ್ನು ಎತ್ತಿಕೊಳ್ಳುವ ಪದ್ಧತಿ ಅವರದು. ನಮ್ಮ ಕುಣಿತವನ್ನು ಯಾವ ಸರ್ಕಾರವೂ ನಿಷೇಧಿಸಲಿಲ್ಲ. ನಾವೇ ಉದಾಸೀನದಿಂದ ಅದನ್ನು ಕಳೆದುಕೊಳ್ಳುವುದಾದರೆ ಯಾರನ್ನು ದೂರೋಣ?

ದಯೆಯನ್ನು ಬೋಧಿಸಿದ ಪರಂಪರೆಗೆ ಖಡ್ಗವೇಕೆಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರ ಒಡಪಿನಲ್ಲಿದೆ. ಕುಣಿತದ ನಡುವೆ ಮುಖ್ಯಸ್ಥನು ಏರುದನಿಯಲ್ಲಿ ನುಡಿಯುವ ದಕ್ಷಯಜ್ಞದ ಕಥೆಯೇ ಈ ಕಲೆಯ ಪ್ರಾಣ. ಉತ್ತರ ಕರ್ನಾಟಕದ ಪುರವಂತರೂ ಇದನ್ನೇ ನುಡಿಯುತ್ತಾರೆ. ರಾಘವಾಂಕ ಕವಿಯ ‘ವೀರೇಶ ಚರಿತೆ’ಯ ವಸ್ತುವೂ ಇದೇ. ಶಿವನನ್ನು ಬಿಟ್ಟು ಉಳಿದವರನ್ನೆಲ್ಲ ಕರೆದು, ಬಂದ ಮಗಳನ್ನೂ ಅವಮಾನಿಸಿದ ದಕ್ಷನ ಅಹಂಕಾರಕ್ಕೆ ಎತ್ತಿದ ಖಡ್ಗವದು. ಕೊನೆಗೆ ದಕ್ಷನಿಗೆ ಕುರಿಯ ತಲೆಯಿಟ್ಟು ಜೀವದಾನ ಮಾಡಲಾಯಿತೆಂಬುದನ್ನೂ ಮರೆಯಬಾರದು. ಒಡಪು ತಿಳಿಯದವನ ಕೈಯಲ್ಲಿ ಖಡ್ಗವು ಬರಿಯ ಲೋಹ. ಮೆರವಣಿಗೆಯ ಮುಂದೆ ಒಡಪಿಲ್ಲದೆ ಬರಿದೆ ಕುಣಿಸುವವರು ಇದನ್ನು ಯೋಚಿಸಬೇಕು.

ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ನಾಡಿನ ಕಲೆಗಳ ಪರಿಕರಗಳನ್ನು ಜೋಪಾನವಾಗಿ ಇರಿಸಲಾಗಿದೆ. ಅದು ಸ್ತುತ್ಯವಾದ ಕಾರ್ಯ. ಆದರೆ ವಸ್ತುಸಂಗ್ರಹಾಲಯದ ಗೆಜ್ಜೆ ನುಡಿಯುವುದಿಲ್ಲ. ಅದು ನುಡಿಯಬೇಕಾದರೆ ನಮ್ಮ ಮಕ್ಕಳ ಕಾಲಿಗೆ ಬರಬೇಕು.

ಆದುದರಿಂದ ಒಂದು ವಿನಂತಿ. ಬೇಸಗೆ ರಜೆಯಲ್ಲಿ ಊರಿನ ದೇವಾಲಯದ ಅಂಗಳದಲ್ಲೋ ಸಮೀಪದ ಮಠದಲ್ಲೋ ಮಕ್ಕಳನ್ನು ಕೂಡಿಸಿರಿ. ಕೆರೆಗೋಡಿ-ರಂಗಾಪುರ, ಕುಪ್ಪೂರು ಗದ್ದಿಗೆ, ನೊಣವಿನಕೆರೆ ಮೊದಲಾದ ಕ್ಷೇತ್ರಗಳಿರುವ ಸೀಮೆಯಿದು; ಭಕ್ತರು ಭಿನ್ನವಿಸಿಕೊಂಡರೆ ಸ್ಥಳ ದೊರೆಯದಿರದು. ಮೊದಲು ಕಥೆ ಹೇಳಿರಿ. ಬಳಿಕ ರುದ್ರಾಕ್ಷಿ ಪೋಣಿಸುವುದು, ವಿಭೂತಿ ಧರಿಸುವ ಕ್ರಮ, ಗೆಜ್ಜೆಗಳನ್ನು ಪಟ್ಟಿಗೆ ಹೊಲಿಯುವುದು, ಕಾಸೆ ಕಟ್ಟುವುದು. ಲೋಹದ ಹಲಗೆಯನ್ನು ಊರವರು ಕೂಡಿ ಒಮ್ಮೆ ಮಾಡಿಸಿದರೆ ತಲೆಮಾರುಗಳಿಗೆ ಸಾಕು. ಹೆಜ್ಜೆ ಆಮೇಲೆ, ಖಡ್ಗ ಎಲ್ಲಕ್ಕಿಂತ ಕೊನೆಗೆ. ಬಾಯಿಗೆ ಶಸ್ತ್ರ ಹಾಕಿಕೊಳ್ಳುವುದನ್ನು ಮಕ್ಕಳಿಗೆ ಕಲಿಸಬೇಕಾಗಿಲ್ಲ. ಅದಿಲ್ಲದೆ ಭಕ್ತಿಗೆ ಕೊರತೆಯೇನೂ ಬಾರದು.

ಹೆಣ್ಣುಮಕ್ಕಳನ್ನು ಹೊರಗಿಡಬೇಡಿರಿ. ನಾಡಿನಲ್ಲಿ ಈಗ ಮಹಿಳೆಯರ ವೀರಗಾಸೆ ತಂಡಗಳಿವೆ. ಇಷ್ಟಲಿಂಗವನ್ನು ಸ್ತ್ರೀಪುರುಷರಿಗೆ ಸಮನಾಗಿ ನೀಡಿದ ಧರ್ಮದಲ್ಲಿ ಗೆಜ್ಜೆಗೆ ಮಾತ್ರ ಭೇದವೇಕೆ? ಕಲಿಸುವ ಹಿರಿಯ ಕಲಾವಿದರನ್ನು ಬರಿಗೈಯಲ್ಲಿ ಕಳುಹಿಸಬೇಡಿರಿ. ಅವರ ಕಾಲಿನಲ್ಲಿ ಶಕ್ತಿ ಕುಂದಿರಬಹುದು, ಆದರೆ ಒಡಪು ಇನ್ನೂ ಅವರ ನಾಲಗೆಯ ಮೇಲಿದೆ. ಅದನ್ನು ಬರೆದಿಟ್ಟುಕೊಳ್ಳುವ ಕಾಲವಿದು.

ಫಲ ಒಂದೇ ರಜೆಯಲ್ಲಿ ಬರಲಿಲ್ಲವೆಂದು ಬೇಸರಿಸಬಾರದು. ತೆಂಗಿನ ಸೀಮೆಯವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಹತ್ತಾರು ತಿಂಗಳು ಅಲ್ಲೇ ಒಣಗಿದ ಮೇಲಲ್ಲವೇ ಉಂಡೆ ಕೊಬ್ಬರಿಯಾಗುವುದು? ಈ ಶ್ರಾವಣಕ್ಕೆ ಹೊರಗಿನವರನ್ನೇ ಕರೆಸಿರಿ, ಚಿಂತೆಯಿಲ್ಲ. ಆದರೆ ಅವರು ಕಾಸೆ ಕಟ್ಟುವಾಗ ನಿಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿರಿ.

ಸರ್ವರಿಗೂ ಸನ್ಮಂಗಳವಾಗಲಿ.