ಬಾಯಿ ಕಹಿಯೇ? ಹಲ್ಲು ತೋರಿಸಿ

ತಿಂಗಳುಗಟ್ಟಲೆ ಬಾಯಿ ಕಹಿ, ಊಟ ರುಚಿಸದು. ‘ಪಿತ್ತ ಡಾಕ್ಟ್ರೇ, ಗ್ಯಾಸಿನ ಗುಳಿಗೆ ಕೊಡಿ’ ಎನ್ನುವವರೇ ಹೆಚ್ಚು. ನಾವು ವೈದ್ಯರೂ ಎಷ್ಟೋ ಸಲ ಬಾಯಿ ತೆರೆಸಿ ನೋಡದೆ ಅದನ್ನೇ ಬರೆದುಕೊಡುತ್ತೇವೆ. ಯಾರೋ ಮದ್ದು ಹಾಕಿದ್ದಾರೆಂದು ಹೆದರುವವರೂ ಉಂಟು. ಉಕ್ಕಡಗಾತ್ರಿಗೆ ಹೋಗಿ ಅಜ್ಜಯ್ಯನಿಗೆ ಕೈಮುಗಿದು ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಹಲ್ಲನ್ನೂ ತೋರಿಸಿ. ದಾವಣಗೆರೆಯಲ್ಲಿ 1979ರಿಂದಲೇ ಬಾಪೂಜಿ ದಂತ ವೈದ್ಯಕೀಯ ಕಾಲೇಜಿದೆ.

ಹಲ್ಲಿಗೂ ವಸಡಿಗೂ ನಡುವಿನ ಸಂದಿನಲ್ಲಿ ಕೀವು ಒಸರುತ್ತಿದ್ದರೆ ಬಾಯಿ ಕೆಡದೆ ಇನ್ನೇನಾದೀತು? ನೋವಿಲ್ಲವೆಂದು ಸುಮ್ಮನಿರಬೇಡಿ, ವಸಡಿನ ರೋಗ ಹೆಚ್ಚಾಗಿ ನೋಯಿಸುವುದಿಲ್ಲ. ಉಜ್ಜುವಾಗ ರಕ್ತ ಕಂಡರೆ ಅದೇ ಸುಳಿವು. ಹುಳುಕು ಹಲ್ಲಿನ ಬೇರಿನ ಕೀವು ವಸಡಿನ ಗುಳ್ಳೆಯೊಡೆದು ಹರಿದರೆ ಬಾಯೆಲ್ಲ ಉಪ್ಪುಪ್ಪು. ರಾತ್ರಿ ತೆಗೆದಿಡದ ಹಲ್ಲಿನ ಸೆಟ್ಟೂ ಕಾರಣವಾದೀತು.

ಅಂಗಡಿಯಲ್ಲಿ ಕೇಳಿ ಮೆಟ್ರೊನಿಡಜೋಲ್ ನುಂಗಬೇಡಿ, ಅದೇ ಬಾಯಿಗೆ ಲೋಹದ ರುಚಿ ತರುತ್ತದೆ. ಹುಳುಕಿಗೆ ರೂಟ್ ಕೆನಾಲ್, ಇಲ್ಲವೇ ಹಲ್ಲು ಕೀಳಿಸುವುದು. ದವಡೆ ಊದಿ ಜ್ವರ ಬಂದರೆ ಅಂದೇ ಹೋಗಿ. ಹಲ್ಲು ಸರಿಯಿದ್ದೂ ಕಹಿ ಹೋಗದಿದ್ದರೆ ನಮ್ಮ ಬಳಿ ಬನ್ನಿ. ಸಕ್ಕರೆ ಕಾಯಿಲೆ, ನೀವು ನುಂಗುವ ಬೇರೆ ಮಾತ್ರೆಗಳನ್ನು ನೋಡೋಣ.

ಇನ್ನು, ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆಂಬ ಭಯ. ಸಡಿಲ ಮಾಡಿದ್ದು ವಸಡಿನ ರೋಗ. ಗಟ್ಟಿಯಾಗಿ ಕಟ್ಟಿದ ಪಾಚಿ ಅದನ್ನು ಮುಚ್ಚಿಟ್ಟಿತ್ತು, ಅಷ್ಟೆ.