ರುಚಿಯ ಮಾತು ಸಾಕು, ಕಸದ ಬುಟ್ಟಿ ತೋರಿಸಿ

ಬೆಂಗಳೂರಿನಲ್ಲಿ ಈಗ ಯಾರ ಬಾಯಲ್ಲಿ ನೋಡಿದರೂ ಅಡುಗೆಯದೇ ಮಾತು. ಬೆಳಗಿನ ವಾಕಿಂಗಿನಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ ಅದೇ. ಬಿಸಿಬೇಳೆಭಾತಿಗೆ ಮರಾಠಿ ಮೊಗ್ಗು ಎಷ್ಟು ಹಾಕಬೇಕು, ಗಾಣದ ಎಣ್ಣೆ ಎಲ್ಲಿ ನಂಬಿಕಸ್ಥವಾಗಿ ಸಿಗುತ್ತದೆ, ತಾರಸಿಯ ಕುಂಡದಲ್ಲಿ ಎಷ್ಟು ಬಣ್ಣದ ಚೆರ್ರಿ ಟೊಮೆಟೊ ಬಿಟ್ಟಿದೆ. ಕೇಳುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಇವರ ಅಡುಗೆಮನೆಗೆ ಹೋದಾಗ ಒಗ್ಗರಣೆಯ ಘಮಕ್ಕೆ ಮಾರುಹೋಗುವ ಮೊದಲು ಸಿಂಕಿನ ಕೆಳಗಿನ ಕಸದ ಬುಟ್ಟಿಯ ಮುಚ್ಚಳ ತೆಗೆದು ನೋಡಬೇಕು. ಆಮೇಲೆ ಫ್ರಿಜ್ಜಿನ ತರಕಾರಿ ಡಬ್ಬ ಎಳೆಯಬೇಕು. ಪಾಂಡಿತ್ಯ ಎಷ್ಟು ಆಳದ್ದೆಂದು ಅಲ್ಲಿ ತಿಳಿಯುತ್ತದೆ.

ಡಬ್ಬದ ತಳದಲ್ಲಿ ಕೊತ್ತಂಬರಿಯ ಕಟ್ಟೊಂದು, ಕಟ್ಟಿದ ದಾರವನ್ನೂ ಬಿಚ್ಚದೆ, ಕಪ್ಪಗೆ ಲೋಳೆಯಾಗಿ ಪ್ಲಾಸ್ಟಿಕ್ ಚೀಲಕ್ಕೆ ಅಂಟಿಕೊಂಡಿರುತ್ತದೆ. ಬಾಡದಿರಲಿ ಎಂದು ಸೊಪ್ಪಿನವಳು ನೀರು ಚಿಮುಕಿಸಿ ಕೊಟ್ಟಿರುತ್ತಾಳೆ. ಮನೆಗೆ ತಂದ ಮೇಲೆ ಕಟ್ಟು ಬಿಚ್ಚಿ ನೀರು ಆರಿಸಿ, ಕೊಳೆತ ಎಲೆ ಆರಿಸಿ ತೆಗೆದು, ಬೇರು ಕತ್ತರಿಸಿ, ಒಣಬಟ್ಟೆಯಲ್ಲೋ ಹಳೆಯ ಪೇಪರಿನಲ್ಲೋ ಸುತ್ತಿಟ್ಟರೆ ಒಂದು ವಾರ ಹಸಿರಾಗಿರುತ್ತದೆ. ಐದು ನಿಮಿಷದ ಕೆಲಸ. ಅದಕ್ಕೆ ಪುರುಸೊತ್ತಿಲ್ಲ. ಕೊತ್ತಂಬರಿ ಚಟ್ನಿಗೆ ಕಡಲೆಬೇಳೆ ಸರಿಯೋ ಉದ್ದಿನಬೇಳೆ ಸರಿಯೋ ಎಂದು ಮುಕ್ಕಾಲು ಗಂಟೆ ವಾದ ಮಾಡಲು ಮಾತ್ರ ಧಾರಾಳ ಪುರುಸೊತ್ತಿದೆ. ಡಬ್ಬದಲ್ಲಿ ಕೊಳೆತ ಕಟ್ಟನ್ನು ಎರಡು ಬೆರಳಲ್ಲಿ ಎತ್ತಿ, ಮುಖ ಸಿಂಡರಿಸಿ ಬುಟ್ಟಿಗೆ ಎಸೆದು, ಆ ಗಳಿಗೆಯಲ್ಲೇ ಫೋನಿನಲ್ಲಿ ಇನ್ನೊಂದು ಕಟ್ಟು ತರಿಸುತ್ತಾರೆ. ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವಾಗ ಇದ್ದದ್ದನ್ನು ಕಾಪಾಡುವ ಚಿಂತೆ ಯಾರಿಗೆ?

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ ಸುಮಾರು 55 ಕೆ.ಜಿ. ಆಹಾರ ಕಸವಾಗುತ್ತದೆ. ಸಿಪ್ಪೆ, ಮೂಳೆ, ನಾರು ಎಲ್ಲ ಸೇರಿದ ಲೆಕ್ಕ ಅದು, ನಿಜ. ಆದರೆ ಅದು ಸರಾಸರಿ ಎಂಬುದನ್ನೂ ಮರೆಯಬೇಡಿ. ರಾತ್ರಿ ಮಿಕ್ಕ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ, ಈರುಳ್ಳಿ ಸೇರಿಸಿ ಉಣ್ಣುವ ಮನೆಗಳೂ, ಹೀರೆಕಾಯಿಯ ಸಿಪ್ಪೆಯನ್ನು ಚಟ್ನಿ ಮಾಡುವ ಮನೆಗಳೂ ಅದೇ ಲೆಕ್ಕದಲ್ಲಿವೆ. ಅವರು ಉಳಿಸಿದ್ದನ್ನು ಸರಿತೂಗಿಸುವವರು ಯಾರು? ಆಹಾರಪ್ರಿಯರೆಂದು ಹೇಳಿಕೊಳ್ಳುವ ನೀವೇ.

ತಾರಸಿ ತೋಟದ ಕಡೆ ಹೋಗೋಣ. ಅಲ್ಲಿ ಇನ್ನೂ ಚೋದ್ಯವಿದೆ. ಕೋಕೋಪೀಟಿನ ಇಟ್ಟಿಗೆ ದುಡ್ಡು ಕೊಟ್ಟು ತಂದದ್ದು. ಎರೆಗೊಬ್ಬರದ ಪ್ಯಾಕೆಟ್ ದುಡ್ಡು ಕೊಟ್ಟು ತಂದದ್ದು. ಬೇವಿನ ಹಿಂಡಿ, ಬೀಜ, ಕಡೆಗೆ ಮಣ್ಣೂ ದುಡ್ಡು ಕೊಟ್ಟೇ ತಂದದ್ದು. ಆ ತಾರಸಿಯ ಕೆಳಗಿನ ಮನೆಯಿಂದಲೇ ದಿನಾ ಬೆಳಿಗ್ಗೆ ಬಾಳೆಸಿಪ್ಪೆ, ಸೊಪ್ಪಿನ ದಂಟು, ಕಾಫಿ ಚರಟ ಕಸದ ಆಟೊ ಹತ್ತಿ ಹೋಗುತ್ತವೆ. ಎದುರಿನ ಮರದಿಂದ ಉದುರಿದ ಒಣ ಎಲೆಯನ್ನು ಗುಡಿಸಿ ರಸ್ತೆ ಬದಿಯಲ್ಲಿ ಬೆಂಕಿ ಹಾಕುತ್ತಾರೆ. ಒಂದು ಹಿಡಿ ಹಸಿಕಸಕ್ಕೆ ಒಂದು ಹಿಡಿ ಒಣ ಎಲೆ ಸೇರಿಸಿ, ತೂತು ಕೊರೆದ ಬಕೆಟ್ಟಿನಲ್ಲಿ ತುಂಬುತ್ತಾ, ಮೊದಲಿಗೆ ನಾಲ್ಕು ಚಮಚ ಹುಳಿ ಮಜ್ಜಿಗೆ ಚಿಮುಕಿಸಿ, ವಾರಕ್ಕೊಮ್ಮೆ ತಿರುವಿ ಹಾಕಿದರೆ ಎರಡು ತಿಂಗಳ ಆಸುಪಾಸಿನಲ್ಲಿ ಕಪ್ಪು ಗೊಬ್ಬರ ಆಗುತ್ತದೆ. ವಾಸನೆ ಬರುತ್ತದೆ, ಹುಳ ಆಗುತ್ತದೆ ಎಂದು ಮೂಗು ಮುಚ್ಚುವವರು ಕೇಳಿ: ಹಸಿ ಹೆಚ್ಚಾಗಿ ಗಾಳಿ ಆಡದಿದ್ದರೆ ಮಾತ್ರ ನಾರುವುದು. ಇನ್ನೆರಡು ಹಿಡಿ ಒಣ ಎಲೆ ಹಾಕಿ ಕೆದಕಿದರೆ ನಾತ ಅಡಗುತ್ತದೆ. ಇದನ್ನು ಕಲಿಯಲು ಯಾವ ಕಾರ್ಯಾಗಾರವೂ ಬೇಡ.

ಈ ಕಸ ಹೋಗುವುದೆಲ್ಲಿಗೆ ಎಂದು ಕೇಳಿಕೊಂಡಿದ್ದೀರಾ? ಊರಿನ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಕಸವೇ. ಊರಾಚೆಯ ಮಾವಳ್ಳಿಪುರದವರು ಅದನ್ನು ಸಹಿಸಿದರು, 2012ರಲ್ಲಿ ಅಲ್ಲಿ ಸುರಿಯುವುದು ಬಂದಾಯಿತು. ಮಂಡೂರಿನವರು ಸಹಿಸಿದರು. ನೊಣ, ನಾತ, ಕೆಟ್ಟ ನೀರು ತಾಳಲಾರದೆ ಲಾರಿಗಳಿಗೆ ಅಡ್ಡ ನಿಂತು, 2014ರ ಡಿಸೆಂಬರಿಗೆ ಅಲ್ಲಿಯೂ ಸುರಿಯುವುದನ್ನು ನಿಲ್ಲಿಸಿದರು. ಆಮೇಲೆ ಬೇರೆ ಹಳ್ಳಿ, ಬೇರೆ ಕಲ್ಲುಕ್ವಾರಿ. ಹಸಿ, ಒಣ, ಇತರ ಎಂದು ಮನೆಯಲ್ಲೇ ಬೇರ್ಪಡಿಸಿ ಕೊಡಬೇಕೆಂದು 2015ರಲ್ಲಿ ಹೈಕೋರ್ಟೇ ಹೇಳಬೇಕಾಯಿತು. ಎರಡು ಡಬ್ಬ, ಒಂದು ಚೀಲ. ಒಗ್ಗರಣೆಗೆ ಸಾಸಿವೆ ಮೊದಲೋ ಇಂಗು ಮೊದಲೋ ಎಂದು ಬಲ್ಲ ಬುದ್ಧಿವಂತರಿಗೆ ಎರಡು ಡಬ್ಬದ ವ್ಯತ್ಯಾಸ ತಿಳಿಸಲು ನ್ಯಾಯಾಲಯ ಬೇಕಾಯಿತು.

ಇನ್ನು ಆ ತಾರಸಿಯ ಕುಂಡಗಳಲ್ಲಿ ಏನು ಬೆಳೆದಿದೆ? ರೋಸ್‌ಮೆರಿ, ಬೇಸಿಲ್, ಕೇಲ್. ಬೆಳೆಯಲಿ, ಬೇಡವೆನ್ನುವುದಿಲ್ಲ. ಆದರೆ ಬಸಳೆಯ ದಂಟು ತಂದು ಹುಳಿ ಮಾಡಿದ ದಿನ ಒಂದು ಗೇಣು ತುಂಡನ್ನು ಮಣ್ಣಿಗೆ ಚುಚ್ಚಿದ್ದರೆ ಇಷ್ಟೊತ್ತಿಗೆ ಕಂಬಿ ತುಂಬ ಹಬ್ಬಿರುತ್ತಿತ್ತು. ದೊಡ್ಡಪತ್ರೆಗೆ ನೀವು ಬೇಡ ಎಂದರೂ ಚಿಗುರುವ ಹಟ. ನಾಲ್ಕು ಎಲೆಯನ್ನು ಜೀರಿಗೆಯೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆಗೆ ಕಲಸಿದರೆ ತಂಬುಳಿ. ಒಂದೆಲಗಕ್ಕೆ ತೇವದ ಮೂಲೆ ಸಾಕು. ಇವಕ್ಕೆ ಫೋಟೊದಲ್ಲಿ ಅಂದವಿಲ್ಲ, ಅದೇ ತಪ್ಪು. ಟೊಮೆಟೊ, ಬೆಂಡೆಗೆ ಹೈಬ್ರಿಡ್ ಬೀಜದ ಪ್ಯಾಕೆಟ್ ತರುತ್ತೀರಿ. ಅದರ ಬೀಜ ಎತ್ತಿಟ್ಟು ಬಿತ್ತಿದರೆ ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲವಾದ್ದರಿಂದ ಪ್ರತಿ ಸಲವೂ ಹೊಸ ಪ್ಯಾಕೆಟ್. ಕುಂಬಳ, ಸೋರೆಯ ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿಟ್ಟು ಮುಂದಿನ ಮಳೆಗೆ ನೆರೆಮನೆಗೂ ಹಂಚುತ್ತಿದ್ದ ಅಜ್ಜಿಯರ ವಂಶದವರು ನೀವು. ನಾಟಿ ಬೀಜ ಬೇಕೆಂದರೆ ಈಗಲೂ ಸಿಗುತ್ತದೆ. ಬೀಜ ಉಳಿಸಿಕೊಳ್ಳುವುದು ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಅವರೆಕಾಯಿಯ ಮಾತಿಗೆ ಬಂದರೆ ನನಗೆ ಸಿಟ್ಟು ಇನ್ನೂ ಏರುತ್ತದೆ. ಸೊಗಡು, ಸೊಗಡು ಎಂದು ಬಡಾಯಿ ಕೊಚ್ಚದ ಬೆಂಗಳೂರಿನವರಿಲ್ಲ. ಆ ಸೊಗಡು ಎಲ್ಲಿರುತ್ತದೆ ಗೊತ್ತೆ? ಕಾಯಿಯ ಸಿಪ್ಪೆಯ ಮೇಲೆ. ಚಳಿಗಾಲದಲ್ಲಿ ಕಾಯಿ ಬಿಡಿಸಿದರೆ ಬೆರಳಿಗೆ ಅಂಟುವ ಎಣ್ಣೆಯಂಥ ಜಿಡ್ಡಿದೆಯಲ್ಲ, ಅದೇ. ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ಕೈ ಬಿಡುವುದಿಲ್ಲ. ನಾಟಿ ಅವರೆ ಹಗಲು ಮೋಟಾಗುವವರೆಗೂ ಹೂ ಬಿಡುವುದಿಲ್ಲ. ಆದ್ದರಿಂದಲೇ ಅದು ಮಾರ್ಗಶಿರ, ಪುಷ್ಯದ ಪದಾರ್ಥ. ಹಗಲಿನ ಉದ್ದ ಎಷ್ಟಿದ್ದರೂ ಹೂ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ತಂದದ್ದು ರೈತನ ಕೈಗೆ ವರ್ಷಪೂರ್ತಿ ನಾಲ್ಕು ಕಾಸು ಬರಲಿ ಎಂದು. ಅದರಲ್ಲಿ ತಪ್ಪಿಲ್ಲ. ಜೂನ್ ತಿಂಗಳಲ್ಲಿ ಬೇಳೆಯ ಪ್ಯಾಕೆಟ್ ತರಿಸಿಕೊಂಡು, ಹಿತಕಿದ ಬೇಳೆ ಸಾರು ಮಾಡಿ, ಯಾಕೋ ಈಗಿನ ಅವರೆಯಲ್ಲಿ ಹಿಂದಿನ ರುಚಿಯೇ ಇಲ್ಲ ಎಂದು ರಾಗ ಎಳೆಯುತ್ತೀರಲ್ಲ, ತಪ್ಪು ಅಲ್ಲಿದೆ. ಸಿಪ್ಪೆಯನ್ನೇ ಕಾಣದ ಕೈಗೆ ಸೊಗಡು ಎಲ್ಲಿಂದ ಬರಬೇಕು? ಕಾಲಕ್ಕೆ ಕಾಯುವ ತಾಳ್ಮೆ ಇಲ್ಲದವರು ಕಾಲದ ರುಚಿಯನ್ನು ಕೇಳಬಾರದು.

ಗಾಂಧಿಬಜಾರಿನ ಫುಟ್‌ಪಾತಿನಲ್ಲೋ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲೋ ಹಿತಕಿದ ಬೇಳೆ ಮಾರುವ ಹೆಂಗಸಿನ ಕೈಯನ್ನು ಒಮ್ಮೆ ನೋಡಿ. ಹಿಂದಿನ ರಾತ್ರಿ ಕಾಳು ನೆನೆಹಾಕಿ, ಬೆಳಕು ಹರಿಯುವ ಮೊದಲೇ ಒಂದೊಂದನ್ನೂ ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ಚಿಮ್ಮಿಸಿದ್ದಾಳೆ. ಬೆರಳ ತುದಿ ಬೆಳ್ಳಗೆ ನಿರಿಗೆಗಟ್ಟಿದೆ. ಉಗುರಿನ ಸಂದಿ ಕರ‍್ರಗಾಗಿದೆ. ಒಂದು ಪಾವು ಬೇಳೆಗೆ ಎಷ್ಟು ಕಾಳು ಹಿತುಕಬೇಕೋ ಎಣಿಸಿದವರಿಲ್ಲ. ಅವಳ ಮುಂದೆ ಕಾರು ನಿಲ್ಲಿಸಿದ ಅಮ್ಮಾವ್ರು ಕೇಳುವುದು ಹೀಗೆ:

“ಏನಮ್ಮಾ ಇಷ್ಟು ಹೇಳ್ತೀಯ? ಹತ್ತು ರೂಪಾಯಿ ಬಿಟ್ಟು ಕೊಡು.”

“ಬರಲ್ಲ ಕಣಕ್ಕಾ. ಕಾಯೇ ಕಮ್ಮಿ ಬಂದೈತೆ ಇವತ್ತು.”

“ಹಂಗಾದ್ರೆ ಕೊತ್ತಂಬರಿ, ಕರಿಬೇವು ಕೊಸರು ಹಾಕು.”

ಇದೇ ಅಮ್ಮಾವ್ರು ಮನೆಗೆ ಹೋಗಿ ಫೋನಿನಲ್ಲಿ ತರಕಾರಿ ತರಿಸುವಾಗ ಡೆಲಿವರಿ ಶುಲ್ಕ, ಪ್ಯಾಕಿಂಗ್ ಶುಲ್ಕ, ಮಳೆ ಬಂತೆಂದು ಇನ್ನೊಂದು ಶುಲ್ಕ, ಎಲ್ಲವನ್ನೂ ಉಸಿರೆತ್ತದೆ ಕಟ್ಟುತ್ತಾರೆ. ಪರದೆಯ ಮೇಲಿನ ಅಂಕಿಯೊಂದಿಗೆ ಚೌಕಾಸಿ ನಡೆಯುವುದಿಲ್ಲ. ನೆಲದ ಮೇಲೆ ಕೂತವಳೊಂದಿಗೆ ನಡೆಯುತ್ತದೆ, ಅಷ್ಟೇ. ಇದನ್ನು ಜಾಣತನವೆಂದು ಹೇಳಿಕೊಂಡು ತಿರುಗುವುದು ನಾಚಿಕೆಗೇಡು.

ಹಾಪ್‌ಕಾಮ್ಸ್ ಮಳಿಗೆಯನ್ನೂ ಹೀಗೆಯೇ ಮರೆತದ್ದು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದ ಸಂಸ್ಥೆ ಅದು, ತೋಟಗಾರಿಕೆ ಇಲಾಖೆಯ ಮರೀಗೌಡರ ಕಾಲದ ಕನಸು. ದರ ಹಲಗೆಯ ಮೇಲೆ ಬರೆದಿರುತ್ತದೆ, ತೂಕದಲ್ಲಿ ಮೋಸವಿಲ್ಲ. ಅಲ್ಲಿನ ಬೀನ್ಸ್ ಸ್ವಲ್ಪ ಬಾಡಿದೆ ಎಂದು ಮೂತಿ ತಿರುಗಿಸಿ ಮುಂದೆ ಹೋಗುವವರೇ ಸಂಜೆಯ ಹರಟೆಯಲ್ಲಿ ರೈತನಿಂದ ನೇರವಾಗಿ ಕೊಳ್ಳಬೇಕೆಂದು ಉಪದೇಶ ಮಾಡುತ್ತಾರೆ.

2023ರ ಜುಲೈ ನೆನಪಿರಬಹುದು. ಟೊಮೆಟೊ ಕೆ.ಜಿ.ಗೆ ನೂರು ದಾಟಿತು, ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ.ಯ ಬಾಕ್ಸು 2,000 ರೂಪಾಯಿಯ ಮೇಲೆ ಹೋಯಿತು. ಆಗ ಅಡುಗೆಪ್ರಿಯರ ಗೋಳು ಮುಗಿಲು ಮುಟ್ಟಿತ್ತು. ಟೊಮೆಟೊ ಇಲ್ಲದೆ ಸಾರು ಮಾಡುವುದು ಹೇಗೆಂದು ಕೇಳಿದವರಿದ್ದರು! ಹುಣಸೆಹಣ್ಣು, ನಿಂಬೆ, ಬಿಂಬಲ, ಅಮಟೆ, ಮಾವಿನಕಾಯಿ, ಪುನರ್ಪುಳಿ, ಇಷ್ಟು ಹುಳಿಗಳಿರುವ ಸೀಮೆಯಲ್ಲಿ ಒಂದು ಹಣ್ಣಿಲ್ಲವೆಂದು ಕೈಕಟ್ಟಿ ಕೂತವರು ಯಾವ ಸೀಮೆಯ ಅಡುಗೆಯವರು? ಅದೇ ಕೋಲಾರದಲ್ಲಿ ಬೆಲೆ ಬಿದ್ದಾಗ, ಕೀಳುವ ಕೂಲಿಯೂ ಗಿಟ್ಟದೆ ರೈತರು ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುವುದು ಹೊಸದೇನಲ್ಲ. ಆಗ ಯಾರ ಗೋಳೂ ಕೇಳುವುದಿಲ್ಲ. ಐದು ಕೆ.ಜಿ. ಹೆಚ್ಚಿಗೆ ತಂದು ಗೊಜ್ಜು ಕುದಿಸಿ ಬಾಟಲಿಗೆ ತುಂಬಿಡೋಣ ಎಂದು ಹೊರಟವರನ್ನು ಬೆರಳಲ್ಲಿ ಎಣಿಸಬಹುದು.

ಬ್ಯಾಡಗಿ ಮೆಣಸಿನಕಾಯಿಯದೂ ಅದೇ ಕಥೆ. ಕಡ್ಡಿಯೋ ಡಬ್ಬಿಯೋ ಎಂದು ವಿಚಾರಿಸಿ ಕೊಳ್ಳುವ ಹೆಮ್ಮೆ ನಿಮಗಿದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದ್ದೂ ಗೊತ್ತಿರಬಹುದು. ಆದರೆ 2024ರ ಮಾರ್ಚ್ 11ರಂದು ದರ ಒಮ್ಮೆಲೇ ಕುಸಿಯಿತೆಂದು ರೈತರು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚುವ ಮಟ್ಟಕ್ಕೆ ಹೋದಾಗ ನಿಮ್ಮ ಹರಟೆಯಲ್ಲಿ ಅದು ಬಂದಿತ್ತೆ? ಬೆಂಕಿ ಹಚ್ಚಿದ್ದನ್ನು ನಾನು ಸಮರ್ಥಿಸುತ್ತಿಲ್ಲ. ಸಾರಿನಪುಡಿಯ ಕೆಂಪಿನ ಬಗ್ಗೆ ಅಷ್ಟು ಮಾತಾಡುವವರಿಗೆ ಆ ಕೆಂಪು ಬೆಳೆದವನ ಕಣ್ಣು ಯಾಕೆ ಕೆಂಪಾಯಿತು ಎಂಬ ಕುತೂಹಲವೂ ಇಲ್ಲವೆಂದರೆ, ಅದು ರುಚಿಪ್ರಜ್ಞೆಯಲ್ಲ, ಬರೀ ಬಾಯಿಚಪಲ. ಬ್ಯಾಡಗಿ ಹೆಸರಿನಲ್ಲಿ ಮಾರುವ ಕಾಯಿಯಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ಹೈಬ್ರಿಡ್ಡುಗಳೂ ಇವೆ. ತೊಟ್ಟು ಮುರಿದು, ಮೂಸಿ ನೋಡಿ ಕೊಳ್ಳುವವರು ಎಷ್ಟು ಜನ?

ಸಿರಿಧಾನ್ಯದ ವಿಚಾರ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ನಾರಿನಂಶಕ್ಕೆಂದು ನವಣೆ, ಸಾಮೆ ತಿನ್ನುತ್ತೀರಿ, ಅಂಗಡಿಯಲ್ಲಿ ಮಾತ್ರ ಬೆಳ್ಳಗೆ ಹೊಳೆಯುವ ಪ್ಯಾಕೆಟ್ಟನ್ನೇ ಆರಿಸುತ್ತೀರಿ. ತೌಡೆಲ್ಲ ಪಾಲಿಶ್ ಆಗಿ ಹೋದ ಮೇಲೆ ಉಳಿದ ನಾರು ಎಷ್ಟು?

ಕೊನೆಗೆ ಭಾನುವಾರದ ನಳಮಹಾರಾಜರು. ಹಿಂದೆ ಮನೆಯ ಗಂಡಸರು ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ, ಈಗ ಇಡುತ್ತಾರೆ, ಒಳ್ಳೆಯದೇ. ಆದರೆ ಇಟ್ಟ ಕಾಲು ಹೇಗಿರುತ್ತದೆ ನೋಡಿ. ಬಿರಿಯಾನಿಗೆ ಮೂರು ಬಾಣಲೆ, ನಾಲ್ಕು ಬಟ್ಟಲು, ಮಿಕ್ಸಿಯ ಎರಡು ಜಾರು. ಎಣ್ಣೆ ಒಲೆಯ ಸುತ್ತ ಒಂದು ಗೇಣು ಹರಡಿರುತ್ತದೆ. ಬಡಿಸುವ ಮುಂಚೆ ಫೋಟೊ, ಉಂಡ ಮೇಲೆ ಹೊಗಳಿಕೆ, ಅಲ್ಲಿಗೆ ಯಜಮಾನರ ಕೆಲಸ ಮುಗಿಯಿತು. ಹೆಂಡತಿ ಮಿಕ್ಕದ್ದನ್ನು ಡಬ್ಬಿಗೆ ತುಂಬುತ್ತಾಳೆ. ವಾರದ ಆರು ದಿನ ಮೂರು ಹೊತ್ತು ಅವಳು ಮಾಡಿದ ಅನ್ನ, ಸಾರು, ಪಲ್ಯವನ್ನು ಯಾರೂ ನಳಪಾಕವೆಂದಿಲ್ಲ. ಉಪ್ಪು ಕಮ್ಮಿಯಾದ ದಿನ ಮಾತ್ರ ಮಾತು ಬಂದಿದೆ. ಅಡುಗೆ ಎಂದರೆ ಬೇಳೆಯಲ್ಲಿ ಕಲ್ಲು ಆರಿಸುವುದು, ಹಾಲು ಉಕ್ಕದಂತೆ ಕಾಯುವುದು, ಕುಕ್ಕರಿನ ಗ್ಯಾಸ್ಕೆಟ್ ಸವೆದದ್ದು ಗಮನಿಸುವುದು, ಒರೆಸುವ ಬಟ್ಟೆ ಒಗೆದು ಒಣಹಾಕುವುದು. ಇದನ್ನೆಲ್ಲ ಇನ್ನೊಬ್ಬರಿಗೆ ಬಿಟ್ಟು ಬರೀ ಒಗ್ಗರಣೆಯ ಸದ್ದಿಗೆ ತಾವೇ ವಾರಸುದಾರರಾಗುವ ಈ ಖಯಾಲಿ ನಿಲ್ಲಬೇಕು. ಸೋಮವಾರ ಬೆಳಿಗ್ಗೆ ಕೆಲಸದಾಕೆ ಬಂದು, ತಳ ಹತ್ತಿದ ಆ ಬಿರಿಯಾನಿ ಪಾತ್ರೆಗೆ ನೀರು ತುಂಬಿಟ್ಟು, ಸ್ಟೀಲ್ ನಾರಿನಲ್ಲಿ ತಿಕ್ಕಿ ತಿಕ್ಕಿ ಬೆಳಗುತ್ತಾಳೆ. ಅದಕ್ಕೆಂದು ಅವಳ ಸಂಬಳದಲ್ಲಿ ಒಂದು ಪೈಸೆಯೂ ಜಾಸ್ತಿ ಇಲ್ಲ.